ಗಡಿಯಾಚೆಯ ನೋಟಿಸು, ತವರೂರಿನ ಕೋರ್ಟು

ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ಜಿಲ್ಲಾ ಕೇಂದ್ರವಾದ ಬೆಳಗಾವಿ ಅದಕ್ಕಿಂತ ದೂರ. ಕಾಗವಾಡದವರಿಗೆ ದೊಡ್ಡ ಆಸ್ಪತ್ರೆ ಎಂದರೂ ರೈಲು ಎಂದರೂ ಮಿರಜವೇ ಹತ್ತಿರ. ಹೀಗಾಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಬೀಗತನಕ್ಕೆ ರಾಜ್ಯದ ಗಡಿ ಎಂದೂ ಅಡ್ಡ ಬಂದಿಲ್ಲ. ಮಹಾರಾಷ್ಟ್ರದ ಕಾಗಲ, ಇಚಲಕರಂಜಿ, ಶಿರೋಳ, ಜಯಸಿಂಗಪುರ, ಜತ್ತದ ಕಡೆಗೆ ಹೆಣ್ಣು ಕೊಡುವುದು, ಅಲ್ಲಿಂದ ತರುವುದು ತಲೆಮಾರುಗಳಿಂದ ನಡೆದುಕೊಂಡು ಬಂದಿದೆ. ಸಂಸಾರ ನೆಟ್ಟಗಿರುವ ತನಕ ಗಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಮುರಿದ ದಿನ ಬೀಳುತ್ತದೆ. ಮಗಳು ಕೂಸನ್ನೆತ್ತಿಕೊಂಡು ತವರಿಗೆ ಬಂದಿರುತ್ತಾಳೆ. ಕೆಲ ತಿಂಗಳಲ್ಲಿ ಅಂಚೆಯವನ ಕೈಯಲ್ಲಿ ಆಚೆ ಕಡೆಯ ಕೋರ್ಟಿನ ನೋಟಿಸು ಬರುತ್ತದೆ. ಅದು ಮರಾಠಿಯಲ್ಲಿರುತ್ತದೆ, ಗಂಡ ವಿಚ್ಛೇದನ ಕೇಳಿದ್ದಾನೆ.

ಆಗ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಹುಟ್ಟುತ್ತವೆ. ‘ಕೋರ್ಟು ಕಚೇರಿ ನಮಗ್ಯಾಕ, ಹಿರಿಯರನ್ನ ಕೂಡಿಸಿ ಬಗೀಹರಿಸೋಣು’ ಎನ್ನುವುದು ಒಂದು. ‘ನೋಟಿಸು ತಗೋಳೋದ ಬ್ಯಾಡ, ಸಹಿ ಮಾಡಲಿಲ್ಲಂದ್ರ ಕೇಸ ನಡಿಯೂದಿಲ್ಲ’ ಎನ್ನುವುದು ಇನ್ನೊಂದು. ಎರಡನೆಯ ಮಾತು ಹೆಚ್ಚು ಅಪಾಯಕಾರಿ. ನೋಟಿಸು ತೆಗೆದುಕೊಳ್ಳಲು ನಿರಾಕರಿಸಿದರೆ ಅದು ತಲುಪಿದೆಯೆಂದೇ ಕೋರ್ಟು ಭಾವಿಸಬಹುದು. ತಾರೀಖಿಗೆ ಹಾಜರಾಗದಿದ್ದರೆ ಏಕಪಕ್ಷೀಯ ತೀರ್ಪು ಬರುತ್ತದೆ. ಹೆಂಡತಿಯ ಮಾತನ್ನು ಕೇಳದೆಯೇ ಮದುವೆ ಮುಗಿದುಹೋಗುತ್ತದೆ. ಅದನ್ನು ರದ್ದುಮಾಡಿಸುವ ಅರ್ಜಿಗೆ ಇರುವ ಅವಧಿ 30 ದಿನ. ಸುದ್ದಿ ಕಿವಿಗೆ ಬೀಳುವಷ್ಟರಲ್ಲಿ ಎಷ್ಟೋ ಸಲ ಗಂಡನ ಮರುಮದುವೆಯೇ ಆಗಿಹೋಗಿರುತ್ತದೆ.

ಹೆಣ್ಣುಮಗಳು ತವರಿನಿಂದಲೇ ತನ್ನ ಹಕ್ಕು ಕೇಳಬಹುದು ಎಂದು ಕಾನೂನು ಎಷ್ಟು ಕಡೆ ಬರೆದಿಟ್ಟಿದೆ ಎಂಬುದು ಈ ಭಾಗದ ಬಹಳ ಮನೆಗಳಿಗೆ ಗೊತ್ತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿಗೆ 2003ರಲ್ಲಿ ಒಂದು ಮಾತು ಸೇರಿತು: ಅರ್ಜಿ ಹಾಕುವವಳು ಹೆಂಡತಿಯಾದರೆ, ಅರ್ಜಿಯ ದಿನ ಅವಳು ಎಲ್ಲಿ ವಾಸವಾಗಿದ್ದಾಳೋ ಅಲ್ಲಿನ ಕೋರ್ಟಿಗೆ ಹೋಗಬಹುದು. ಅದಕ್ಕೂ ಮುಂಚೆ ಮದುವೆಯಾದ ಊರು, ಕೊನೆಗೆ ಕೂಡಿ ಬಾಳಿದ ಊರು, ಎದುರುದಾರನ ಊರು ಇವುಗಳ ಸುತ್ತಲೇ ಅಲೆಯಬೇಕಿತ್ತು. ಜೀವನಾಂಶದ ಅರ್ಜಿಯನ್ನೂ ಹೆಂಡತಿ ವಾಸವಿರುವ ಜಾಗದಲ್ಲಿ ಹಾಕಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವಳು ತಾತ್ಕಾಲಿಕವಾಗಿ ತಂಗಿರುವ ಊರಿನ ಮ್ಯಾಜಿಸ್ಟ್ರೇಟರೂ ಕೇಸು ಕೇಳಬಹುದು ಎನ್ನುತ್ತದೆ. ಇಚಲಕರಂಜಿಯ ಸೊಸೆ ಚಿಕ್ಕೋಡಿಯ ಅಣ್ಣನ ಮನೆಯಲ್ಲಿದ್ದರೆ ಚಿಕ್ಕೋಡಿಯ ಕೋರ್ಟೇ ಸಾಕು.

ಗಂಡ ಆಚೆ ಮೊದಲೇ ಕೇಸು ಹಾಕಿದ್ದರೆ ದಾರಿ ಕಠಿಣ. ಬೆಳಗಾವಿಯಲ್ಲಿ ಹಾಕಿದ ಕೇಸನ್ನು ಅಥಣಿಗೆ ತರಲು ಹೈಕೋರ್ಟಿನ ಧಾರವಾಡ ಪೀಠಕ್ಕೆ ಅರ್ಜಿ ಕೊಟ್ಟರೆ ಆಗುತ್ತದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಆ ಪೀಠ ಈ ಭಾಗದವರಿಗೆ ಬೆಂಗಳೂರಿನ ಅಲೆದಾಟ ತಪ್ಪಿಸಿದೆ. ಆದರೆ ಕೊಲ್ಹಾಪುರದ ಕೋರ್ಟು ಬಾಂಬೆ ಹೈಕೋರ್ಟಿನ ಅಧೀನ. 2025ರ ಆಗಸ್ಟ್ 18ರಿಂದ ಆ ಹೈಕೋರ್ಟಿನ ಸಂಚಾರಿ ಪೀಠವೂ ಕೊಲ್ಹಾಪುರದಲ್ಲೇ ಕೂರುತ್ತಿದೆ. ಎರಡು ರಾಜ್ಯಗಳ ಕೋರ್ಟುಗಳ ನಡುವೆ ಕೇಸು ವರ್ಗಾಯಿಸುವ ಅಧಿಕಾರ ಮಾತ್ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಂತೆ ಸುಪ್ರೀಂ ಕೋರ್ಟಿನದು. ಬಸ್ಸಿನಲ್ಲಿ ಒಂದು ತಾಸಿನ ದೂರದ ಊರಿನ ಕೇಸನ್ನು ತನ್ನೂರಿಗೆ ತರಲು ನಿಪ್ಪಾಣಿಯ ಹೆಣ್ಣುಮಗಳು ದೆಹಲಿಗೆ ಅರ್ಜಿ ಹಾಕಬೇಕು. ಇಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ಹೆಂಡತಿಯ ಅನುಕೂಲವನ್ನೇ ಮುಂದಿಟ್ಟು ನೋಡಬೇಕು ಎಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಪುನಃ ಹೇಳಿದೆ. ಕೈಯಲ್ಲಿ ಹಣವಿಲ್ಲದವಳಿಗೆ ಆ ಕೋರ್ಟಿನ ಕಾನೂನು ಸೇವಾ ಸಮಿತಿ ಉಚಿತ ವಕೀಲರನ್ನೂ ಕೊಡುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕೋರ್ಟುಗಳಲ್ಲಿ ವಿಚ್ಛೇದನ ಅಥವಾ ನ್ಯಾಯಿಕ ಪ್ರತ್ಯೇಕತೆ ಕೇಳಿ ಅರ್ಜಿ ಹಾಕಿದ್ದರೆ, ಎರಡನೆಯ ಅರ್ಜಿ ಮೊದಲನೆಯ ಅರ್ಜಿ ಇರುವ ಕೋರ್ಟಿಗೆ ಹೋಗಬೇಕು ಎನ್ನುತ್ತದೆ ವಿವಾಹ ಕಾಯ್ದೆಯ 21ಎ ಕಲಂ. ಅಂದರೆ ಮೊದಲು ಯಾರು ಅರ್ಜಿ ಹಾಕಿದರು ಎಂಬುದಕ್ಕೆ ಗಡಿಸೀಮೆಯಲ್ಲಿ ದೊಡ್ಡ ಬೆಲೆಯಿದೆ. ಹಿರಿಯರ ಪಂಚಾಯಿತಿಗಾಗಿ ವರ್ಷಗಟ್ಟಲೆ ಕಾಯುವ ಮನೆಯವರು ಇದೊಂದನ್ನು ತಿಳಿದಿದ್ದರೂ ಎಷ್ಟೋ ತಾಪತ್ರಯ ತಪ್ಪೀತು.

ಬಾಂಡ್ ಪೇಪರಿನ ಬಿಡುಗಡೆ

ಈ ಸೀಮೆಯ ಕಾನೂನಿನ ಚರಿತ್ರೆ ಕನ್ನಡ ನಾಡಿನ ಉಳಿದ ಭಾಗಕ್ಕಿಂತ ಬೇರೆ. ರಾಯಬಾಗ ಸ್ವಾತಂತ್ರ್ಯದ ಹೊತ್ತಿಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1919ರಷ್ಟು ಹಿಂದೆಯೇ ಹೆಂಗಸರ ಮೇಲಿನ ಕ್ರೌರ್ಯ ತಡೆಯುವ ನಿಯಮಗಳನ್ನೂ ವಿಚ್ಛೇದನದ ಕಾನೂನನ್ನೂ ತಂದಿದ್ದರು. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದಲ್ಲಿದ್ದವು. ಮುಂಬಯಿ ಸರಕಾರ 1946ರಲ್ಲಿ ಹಿಂದೂಗಳ ದ್ವಿಪತ್ನಿತ್ವವನ್ನು ನಿಷೇಧಿಸಿತು, 1947ರಲ್ಲಿ ಹಿಂದೂ ವಿಚ್ಛೇದನ ಕಾಯ್ದೆ ಮಾಡಿತು. ಕೇಂದ್ರದ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಎಂದರೆ ಕೋರ್ಟಿನ ಮೂಲಕ ವಿಚ್ಛೇದನ ಕೇಳುವ ಹಕ್ಕು ಈ ಭಾಗದ ಹಿಂದೂ ಹೆಣ್ಣುಮಕ್ಕಳಿಗೆ ದೇಶದ ಬಹುಪಾಲು ಹೆಣ್ಣುಮಕ್ಕಳಿಗಿಂತ ಕನಿಷ್ಠ ಎಂಟು ವರ್ಷ ಮೊದಲೇ ಸಿಕ್ಕಿತ್ತು.

ಹಾಗಿದ್ದೂ ಇಂದಿಗೂ ಇಲ್ಲಿ ಬಲವಾಗಿ ಓಡುತ್ತಿರುವುದು ಸೋಡಚೀಟಿ. ಎರಡೂ ಕಡೆಯ ಹಿರಿಯರು ಕೂಡುತ್ತಾರೆ. ಒಂದು ಬಾಂಡ್ ಪೇಪರು ತರಿಸಿ, ‘ನಮ್ಮಿಬ್ಬರಿಗೂ ಇನ್ನು ಸಂಬಂಧವಿಲ್ಲ, ಪೋಟಗಿ (ಜೀವನಾಂಶ) ಕೇಳುವುದಿಲ್ಲ, ಬೇಕಾದಲ್ಲಿ ಮದುವೆಯಾಗಬಹುದು’ ಎಂದು ಬರೆಸುತ್ತಾರೆ. ಸಾಕ್ಷಿಗಳ ಸಹಿ ಬೀಳುತ್ತದೆ, ನೋಟರಿಯ ಮುದ್ರೆಯೂ ಬೀಳುತ್ತದೆ. ಮೈಮೇಲಿನ ಬಂಗಾರ ತಿರುಗಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ಹುಡುಗಿಗೆ ಮುಂದೆ ಉಡಿಕೆ, ಅಂದರೆ ಮರುಮದುವೆ, ಮಾಡುತ್ತಾರೆ. ಗಂಡು ಇನ್ನೊಂದು ಮದುವೆಯಾಗುತ್ತದೆ. ಎಲ್ಲರೂ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ.

ಕಾನೂನಿನ ಕಣ್ಣಿನಲ್ಲಿ ಅದು ಮುಗಿದಿರುವುದಿಲ್ಲ.

ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನಕ್ಕೆ ಜಾಗ ಬಿಟ್ಟಿದೆ ಎನ್ನುವುದು ನಿಜ. ಆದರೆ ಆ ಜಾಗ ಕಿರಿದು. ತಮ್ಮ ಸಮುದಾಯದಲ್ಲಿ ಇಂಥ ರೂಢಿ ಬಹುಕಾಲದಿಂದ ಬಿಡದೆ ನಡೆದು ಬಂದಿದೆ, ಅದಕ್ಕೆ ಗೊತ್ತಾದ ರೀತಿಯಿದೆ ಎಂದು ದಾವೆಯಲ್ಲಿ ಹೇಳಿಕೊಂಡು ಸಾಕ್ಷ್ಯದಿಂದ ಸಾಬೀತು ಮಾಡಬೇಕು. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣದಲ್ಲಿ, ಬಿಡುಗಡೆ ಪತ್ರಕ್ಕೆ ತನ್ನಿಂದ ಒತ್ತಾಯದಿಂದ ಸಹಿ ಮಾಡಿಸಿಕೊಂಡರು ಎಂದು ಹೆಂಡತಿ ಹೇಳಿದ್ದಳು. 2002ರಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ, ರೂಢಿಯ ವಿಚ್ಛೇದನವೆನ್ನುವುದು ಸಾಮಾನ್ಯ ಕಾನೂನಿಗೆ ಒಂದು ಅಪವಾದ, ಅದನ್ನು ಸಾಬೀತು ಮಾಡದಿದ್ದರೆ ಅಂಥ ಪತ್ರಕ್ಕೆ ಬೆಲೆಯಿಲ್ಲ ಎಂದು ಹೇಳಿ, ಆ ಪ್ರಶ್ನೆಯನ್ನು ವಿಚಾರಣೆ ಮಾಡಲು ಕೇಸನ್ನು ಕೆಳಗಿನ ಕೋರ್ಟಿಗೆ ಮರಳಿ ಕಳಿಸಿತು. ನೋಟರಿಗಳಿಗೆ ಮದುವೆ ಅಥವಾ ವಿಚ್ಛೇದನದ ಪತ್ರ ಮಾಡಿಕೊಡುವ ಅಧಿಕಾರವಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ಸ್ಪಷ್ಟಪಡಿಸಿದೆ.

ಪತ್ರ ಬಿದ್ದುಹೋದರೆ ಪೆಟ್ಟು ಯಾರಿಗೆ? ಗಂಡಸು ಎರಡನೆಯ ಮದುವೆಯಾಗಿದ್ದರೆ ದ್ವಿಪತ್ನಿತ್ವದ ಅಪರಾಧವಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಏಳು ವರ್ಷದ ತನಕ ಶಿಕ್ಷೆಯಿದೆ. ಉಡಿಕೆಯಾದ ಹೆಣ್ಣುಮಗಳ ಸ್ಥಿತಿ ಇನ್ನೂ ಇಕ್ಕಟ್ಟಿನದು: ಮೊದಲ ಮದುವೆ ಕಾನೂನಿನಲ್ಲಿ ಉಳಿದೇ ಇರುವುದರಿಂದ ಎರಡನೆಯದು ಅಸಿಂಧು. ನಾಳೆ ಎರಡನೆಯವನೂ ಕೈಬಿಟ್ಟರೆ, ‘ಇವಳು ನನ್ನ ಹೆಂಡತಿಯೇ ಅಲ್ಲ’ ಎಂದು ಕೋರ್ಟಿನಲ್ಲಿ ನಿಂತು ಹೇಳುತ್ತಾನೆ. ಇಂಥದ್ದೇ ಒಂದು ಕೇಸು ತೆಲಂಗಾಣದಿಂದ ಸುಪ್ರೀಂ ಕೋರ್ಟಿಗೆ ಬಂದಿತ್ತು. ಮೊದಲ ಗಂಡನಿಂದ ಬರೀ ಒಪ್ಪಂದ ಪತ್ರದ ಮೇಲೆ ಬೇರೆಯಾದ ಮಹಿಳೆ, ಆ ಸಂಗತಿ ತಿಳಿದೇ ತನ್ನನ್ನು ಮದುವೆಯಾದ ಎರಡನೆಯ ಗಂಡನಿಂದ ಜೀವನಾಂಶ ಕೇಳಿದ್ದಳು. 2025ರ ಜನವರಿ 30ರಂದು ನ್ಯಾಯಾಲಯ ಅವಳ ಪರವಾಗಿ ತೀರ್ಪು ಕೊಟ್ಟಿತು. ಮುಂದಿನ ತಿಂಗಳಲ್ಲೇ ಬಂದ ಇನ್ನೊಂದು ತೀರ್ಪು, ಮದುವೆ ಅಸಿಂಧುವೆಂದು ಘೋಷಣೆಯಾದರೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಕಾಯಂ ಜೀವನಾಂಶ ಕೊಡಲು ಕೋರ್ಟಿಗೆ ಅವಕಾಶವಿದೆ ಎಂದಿತು. ಇವು ದೊಡ್ಡ ಆಸರೆ. ಆದರೂ ಸುಪ್ರೀಂ ಕೋರ್ಟಿನ ತನಕ ಹೋಗಿ ಗೆಲ್ಲಬೇಕಾದ ಗತಿ ಮಗಳಿಗೆ ಬರದಂತೆ ನೋಡುವುದು ಹಿರಿಯರ ಕೈಯಲ್ಲೇ ಇದೆ.

ಬೇರೆಯಾಗಲು ಇಬ್ಬರೂ ಒಪ್ಪಿದ್ದರೆ ಅದಕ್ಕೆ ನೇರ ದಾರಿ ವಿವಾಹ ಕಾಯ್ದೆಯ 13ಬಿ ಕಲಂ. ಒಂದು ವರ್ಷ ಬೇರೆ ಇದ್ದಿರಬೇಕು, ಇಬ್ಬರೂ ಕೂಡಿ ಅರ್ಜಿ ಕೊಡಬೇಕು, ಆರು ತಿಂಗಳ ನಂತರ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಒಂದಾಗುವ ಸಾಧ್ಯತೆಯೇ ಇಲ್ಲದ ಪ್ರಕರಣಗಳಲ್ಲಿ ಆ ಆರು ತಿಂಗಳನ್ನೂ ಕೋರ್ಟು ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಸೋಡಚೀಟಿಗಾಗಿ ಕೂಡುವ ಅದೇ ಹಿರಿಯರು ಅದೇ ಮಾತುಕತೆಯನ್ನು ಈ ಅರ್ಜಿಯಲ್ಲಿ ಬರೆಸಿದರೆ, ಕೊಡುವ ಹಣ, ಬಂಗಾರ, ಮಕ್ಕಳ ವಿಚಾರ ಎಲ್ಲವೂ ಕೋರ್ಟಿನ ಡಿಕ್ರಿಯ ಬಲ ಪಡೆಯುತ್ತವೆ. ಡಿಕ್ರಿ ಆಗುವ ಮುನ್ನ ಇಬ್ಬರಲ್ಲಿ ಯಾರಿಗಾದರೂ ಮನಸ್ಸು ಬದಲಾದರೆ ಒಪ್ಪಿಗೆ ಹಿಂತೆಗೆದುಕೊಳ್ಳಲೂ ಬರುತ್ತದೆ. ಒತ್ತಾಯಕ್ಕೆ ಸಿಕ್ಕವಳಿಗೆ ಬಾಂಡ್ ಪೇಪರು ಈ ರಕ್ಷಣೆಯನ್ನು ಕೊಡಲಾರದು.

‘ಹತ್ತು ವರ್ಷಾತು ಬ್ಯಾರೆ ಇದ್ದ, ತನ್ನಷ್ಟಕ್ಕೇ ಬಿಡುಗಡೆ ಆದಂಗs’ ಎಂಬ ನಂಬಿಕೆಯೂ ಈ ಕಡೆ ಇದೆ. ಹಾಗೆ ಯಾವ ಮದುವೆಯೂ ತಾನಾಗಿ ಮುಗಿಯುವುದಿಲ್ಲ. ಎರಡು ವರ್ಷ ತೊರೆದಿರುವುದು ವಿಚ್ಛೇದನಕ್ಕೆ ಕಾರಣವಾಗಬಹುದು, ಅದನ್ನು ಕೋರ್ಟಿನಲ್ಲಿ ತೋರಿಸಬೇಕು. ಸಂಬಂಧ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಒಂದೇ ಕಾರಣದ ಮೇಲೆ ವಿಚ್ಛೇದನ ಕೊಡುವ ಅಧಿಕಾರ, 2023ರ ಮೇ 1ರ ಸಂವಿಧಾನ ಪೀಠದ ತೀರ್ಪಿನಂತೆ, ಸುಪ್ರೀಂ ಕೋರ್ಟಿಗೆ ಮಾತ್ರ ಇದೆ.

ಕಬ್ಬಿನ ಬಿಲ್ಲು, ಹಾಲಿನ ಚೀಟಿ

ಜೀವನಾಂಶಕ್ಕೆ ಈ ಭಾಗದ ಜನ ಪೋಟಗಿ ಎನ್ನುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಸಂಖ್ಯೆ ಬದಲಾದರೂ ಹಕ್ಕು ಅದೇ. ತನ್ನನ್ನು ತಾನು ಸಾಕಿಕೊಳ್ಳಲಾರದ ಹೆಂಡತಿ, ವಿಚ್ಛೇದನವಾಗಿ ಮರುಮದುವೆಯಾಗದವಳು, ಅಪ್ರಾಪ್ತ ಮಕ್ಕಳು, ವಯಸ್ಸಾದ ತಂದೆತಾಯಿ ಇದರಡಿ ಕೇಳಬಹುದು. ಮಕ್ಕಳು ಮದುವೆಯೊಳಗೆ ಹುಟ್ಟಿದವರೇ ಆಗಬೇಕೆಂದಿಲ್ಲ. ದೇವದಾಸಿ ಪದ್ಧತಿಯ ಗಾಯ ಕಂಡ ಈ ತಾಲ್ಲೂಕುಗಳಲ್ಲಿ ಆ ಮಾತಿನ ತೂಕ ದೊಡ್ಡದು. ದೇವದಾಸಿಯರ ಮಕ್ಕಳ ಓದಿಗಾಗಿಯೂ ದುಡಿದ ವಿಮೋಚನಾ ಸಂಘವನ್ನು ಕಟ್ಟಿದವರು ಅಥಣಿಯ ವಕೀಲ ಬಿ.ಎಲ್. ಪಾಟೀಲ.

ಮುಸ್ಲಿಂ ಮಹಿಳೆಯರಿಗೂ ಈ ಬಾಗಿಲು ತೆರೆದಿದೆ. 1985ರ ಶಾ ಬಾನೋ ತೀರ್ಪು, ಅದರ ಬೆನ್ನಿಗೆ ಬಂದ 1986ರ ಕಾಯ್ದೆ, ಅದರ ಬಗ್ಗೆ 2001ರ ವ್ಯಾಖ್ಯಾನ ಇವೆಲ್ಲದರ ನಂತರ, ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ನಿಸ್ಸಂದಿಗ್ಧವಾಗಿ ಹೇಳಿತು. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳಿ ಹೊರಹಾಕುವುದು 2019ರ ಕಾಯ್ದೆಯಂತೆ ಅಸಿಂಧು, ಮೂರು ವರ್ಷದ ತನಕ ಶಿಕ್ಷೆಯ ಅಪರಾಧ.

ಹಣ ಎಷ್ಟು ಎಂಬಲ್ಲೇ ನಿಜವಾದ ಜಗ್ಗಾಟ. ಸಂಬಳದ ನೌಕರನಾದರೆ ವೇತನ ಚೀಟಿ ಸಿಗುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಡದ ಕಬ್ಬಿನ ಸೀಮೆಯಲ್ಲಿ ಎಷ್ಟು ಗಂಡಸರಿಗೆ ವೇತನ ಚೀಟಿ ಇದೆ? ‘ಹೊಲ ಅಪ್ಪನ ಹೆಸರಿನ್ಯಾಗ ಐತ್ರಿ, ನಾ ಕೂಲಿ ಮಾಡ್ತೀನಿ’ ಎಂಬ ಮಾತು ಪೋಟಗಿಯ ಕೇಸುಗಳಲ್ಲಿ ತೀರ ಸಾಮಾನ್ಯ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಬಂದ ತೀರ್ಪು ಈ ನೆಪಕ್ಕೆ ಕಡಿವಾಣ ಹಾಕಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಹಳ್ಳಿಯ ರೈತಾಪಿ ಜನರಿಗೆಂದೇ ನ್ಯಾಯಾಲಯ ಬೇರೆ ನಮೂನೆ ಮಾಡಿಕೊಟ್ಟಿದೆ: ಒಟ್ಟು ಜಮೀನೆಷ್ಟು, ಅದರಲ್ಲಿ ಪಾಲೆಷ್ಟು, ನೀರಾವರಿಯೋ ಒಣಬೇಸಾಯವೋ, ಬೆಳೆ ಯಾವುದು, ಲಾವಣಿಗೆ (ಗುತ್ತಿಗೆಗೆ) ಕೊಟ್ಟಿದ್ದರೆ ಬರುವುದೇನು, ಎಮ್ಮೆ, ಆಕಳು, ಆಡು, ಕೋಳಿ ಎಷ್ಟು ಎಂದು ಎಲ್ಲವನ್ನೂ ಅದು ಕೇಳುತ್ತದೆ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು ಎಂದೂ ಅದೇ ತೀರ್ಪು ಹೇಳಿತು.

ಆದ್ದರಿಂದ ಗಂಡನ ಮನೆ ಬಿಡುವ ಹೊತ್ತಿನಲ್ಲಿ, ಸಾಧ್ಯವಾದರೆ ಅದಕ್ಕೂ ಮೊದಲು, ಕೂಡಿಹಾಕಬೇಕಾದ ಕಾಗದಗಳು ಈ ಸೀಮೆಯವೇ ಆಗಿರುತ್ತವೆ. ಜಮೀನು ಕರ್ನಾಟಕದಲ್ಲಿದ್ದರೆ ಪಹಣಿ, ಆಚೆಗಿದ್ದರೆ ಸಾತಬಾರಾ ಉತಾರ. ಎರಡನ್ನೂ ಸರ್ವೆ ನಂಬರ್ ಗೊತ್ತಿದ್ದರೆ ಆನ್‌ಲೈನಿನಲ್ಲಿ ತೆಗೆಯಬಹುದು. ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿದ ತೂಕದ ಚೀಟಿ, ಬಿಲ್ಲು ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ, ಡೇರಿಯ ಹಾಲಿನ ಲೆಕ್ಕ, ಸೊಸೈಟಿಯಿಂದ ಎತ್ತಿದ ಬೆಳೆಸಾಲ, ಟ್ರ್ಯಾಕ್ಟರಿನ ನೋಂದಣಿ ಇವೆಲ್ಲ ಬಾಯಿಮಾತಿಗಿಂತ ಹೆಚ್ಚು ಮಾತಾಡುತ್ತವೆ. ಮೂಲ ಕಾಗದ ಸಿಗದಿದ್ದರೂ ಕಾರ್ಖಾನೆಯ ಹೆಸರು, ಬ್ಯಾಂಕಿನ ಶಾಖೆ ಗೊತ್ತಿದ್ದರೆ ಸಾಕು. ಅಲ್ಲಿಂದ ದಾಖಲೆ ತರಿಸಿಕೊಡಲು ಕೋರ್ಟನ್ನು ಕೇಳಬಹುದು.

‘ಅವಳೂ ದುಡೀತಾಳ, ಪೋಟಗಿ ಯಾಕ?’ ಎನ್ನುವುದು ಎದುರಿನವರ ಇನ್ನೊಂದು ವಾದ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿದು ದುಡಿದ ಹೆಂಗಸರು 1980ರ ಸುಮಾರಿಗೆ ಸಾವಿರಾರು ಸಂಖ್ಯೆಯಲ್ಲಿ ಸಂಘ ಕಟ್ಟಿ ಹೋರಾಡಿದ್ದರು. 1982ರಲ್ಲಿ ಯುಗಾಂತರ್ ಎಂಬ ಚಿತ್ರತಂಡ ಅವರ ಮೇಲೆ ಸಾಕ್ಷ್ಯಚಿತ್ರವನ್ನೂ ಮಾಡಿತು. ಬೀಡಿ ಕಟ್ಟುವುದು, ಕಬ್ಬಿನ ಗದ್ದೆಯ ಕೂಲಿ, ಹೊಲಿಗೆ ಹೀಗೆ ಇಲ್ಲಿನ ಹೆಣ್ಣು ದುಡಿಯದೆ ಕೂತ ದಿನವೇ ಕಡಿಮೆ. ಅಷ್ಟಕ್ಕೇ ಅವಳ ಹಕ್ಕು ಹೋಗುವುದಿಲ್ಲ. ಹೆಂಡತಿ ಏನೋ ಒಂದಿಷ್ಟು ಗಳಿಸುತ್ತಾಳೆ ಎನ್ನುವುದು ಜೀವನಾಂಶ ನಿರಾಕರಿಸಲು ಕಾರಣವಲ್ಲ, ಆ ಗಳಿಕೆ ಅವಳ ಬದುಕಿಗೆ ಸಾಲುತ್ತದೆಯೇ ಎಂದು ನೋಡಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಟ್ಟಿಮುಟ್ಟಾದ ಗಂಡ ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎನ್ನುತ್ತದೆ 2022ರ ಇನ್ನೊಂದು ತೀರ್ಪು. ಗಂಡನೇ ಗಳಿಸಲಾರದ ಸ್ಥಿತಿಯಲ್ಲಿದ್ದು ಹೆಂಡತಿ ಅನುಕೂಲಸ್ಥೆಯಾಗಿದ್ದರೆ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಮಿನಡಿ ಅವನೂ ಕೇಳಬಹುದು.

‘ಬಾಳುವೆಗೆ ಬಾ’ ಎಂದು ಗಂಡ ಹಾಕುವ ದಾಂಪತ್ಯ ಹಕ್ಕಿನ ದಾವೆಯನ್ನೂ ಕಂಡು ಹೆದರಬೇಕಿಲ್ಲ. ಹಾಗೆ ಡಿಕ್ರಿಯಾದ ಮೇಲೂ ಹೆಂಡತಿ ಹೋಗದಿರಲು ತಕ್ಕ ಕಾರಣವಿದ್ದರೆ ಜೀವನಾಂಶ ನಿಲ್ಲುವುದಿಲ್ಲ ಎಂದು 2025ರ ಜನವರಿ 10ರಂದು ತೀರ್ಮಾನವಾಗಿದೆ. ಎಚ್ಚರ ಬೇಕಾದದ್ದು ಬೇರೆ ಕಡೆ. ‘ಪರಸ್ಪರ ಒಪ್ಪಿಗೆಯಿಂದ ಬೇರೆ ಇದ್ದೇವೆ’ ಎಂದು ಬಾಂಡ್ ಪೇಪರಿನಲ್ಲಿ ಬರೆದುಕೊಟ್ಟಿದ್ದರೆ ಅದೇ ವಾಕ್ಯವನ್ನು ಹಿಡಿದು ಜೀವನಾಂಶ ತಪ್ಪಿಸಲು ನೋಡುತ್ತಾರೆ, ಏಕೆಂದರೆ 144ನೇ ಕಲಮಿನಲ್ಲಿ ಹಾಗೆ ಬೇರೆ ಇರುವ ಹೆಂಡತಿಗೆ ಹಣವಿಲ್ಲ. ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆದವಳಿಗೆ ಆ ನಿರ್ಬಂಧ ತಟ್ಟದು. 1995ರಲ್ಲಿ ಕರ್ನಾಟಕದ ಒಂದು ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಅದನ್ನು ಹೇಳಿದೆ.

ಇನ್ನು ವಸೂಲಿ. ನೋಟಿಸು ತಲುಪಿದ 60 ದಿನದೊಳಗೆ ಮಧ್ಯಂತರ ಜೀವನಾಂಶ ತೀರ್ಮಾನವಾಗಬೇಕೆಂದು ಕಾನೂನು ಹೇಳಿದರೂ ತಾರೀಖಿನ ಮೇಲೆ ತಾರೀಖು ಬೀಳುವುದು ಎಲ್ಲರೂ ಕಂಡದ್ದೇ. ಆದೇಶವಾದ ಮೇಲೂ ಗಂಡ ಕೊಡದಿದ್ದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಇದನ್ನು ಮರೆತು ಮೂರ್ನಾಲ್ಕು ವರ್ಷದ ಬಾಕಿ ಕಳೆದುಕೊಂಡವರಿದ್ದಾರೆ. ಕೊಡದವನನ್ನು ಜೈಲಿಗೆ ಕಳಿಸಬಹುದು, ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಗಡಿಯವರಿಗೆ ಬಹಳ ಉಪಯೋಗದ ಮಾತು ಅದೇ ನಾಗರಿಕ ಸುರಕ್ಷಾ ಸಂಹಿತೆಯ 147ನೇ ಕಲಮಿನಲ್ಲಿದೆ: ಜೀವನಾಂಶದ ಆದೇಶದ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು, ಗಂಡ ಎಲ್ಲಿದ್ದಾನೋ ಅಲ್ಲಿನ ಯಾವುದೇ ಮ್ಯಾಜಿಸ್ಟ್ರೇಟರು ಅದನ್ನು ಜಾರಿ ಮಾಡಬಹುದು. ರಾಯಬಾಗದ ಆದೇಶ ಸಾಂಗಲಿಯಲ್ಲೂ ಜಾರಿಯಾಗುತ್ತದೆ. ಗಡಿ ದಾಟಿದವನು ಪಾರಾದ ಎಂದುಕೊಳ್ಳಬೇಕಿಲ್ಲ.

ಕೂಸು ಯಾರ ಹತ್ತಿರ?

ಮಕ್ಕಳ ವಿಷಯದಲ್ಲಿ ಕಾನೂನು ಅಪ್ಪನ ಹಕ್ಕು, ಅವ್ವನ ಹಕ್ಕು ಎಂದು ತಕ್ಕಡಿ ಹಿಡಿಯುವುದಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ತೀರ್ಪುಗಳಾಗಲಿ, 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯಾಗಲಿ ಮಗುವಿನ ಹಿತವನ್ನೇ ಮೊದಲಿಗಿಡುತ್ತವೆ. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಅದಕ್ಕಿಂತ ದೊಡ್ಡ ಮಗುವಾದರೆ ಶಾಲೆ, ಆರೈಕೆ, ಮನೆಯ ವಾತಾವರಣ ನೋಡುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ನ್ಯಾಯಾಧೀಶರು ಅದರ ಇಚ್ಛೆಯನ್ನೂ ಕೇಳುತ್ತಾರೆ. ‘ಗಂಡುಮಗು ನಮ್ಮ ವಂಶದ್ದು, ಬಿಟ್ಟು ಹೋಗು’ ಎಂಬ ಮಾತಿಗೆ ಯಾವ ಕಲಮಿನಲ್ಲೂ ಆಧಾರವಿಲ್ಲ. ತಂದೆ ಬದುಕಿದ್ದಾಗಲೂ ತಾಯಿ ಸ್ವಾಭಾವಿಕ ಪೋಷಕಿಯಾಗಬಲ್ಲಳು ಎಂದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ತೀರ್ಪಾಗಿದೆ.

ಪಾಲನೆಯ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೆ ಹೋಗಬೇಕು. ಇದೇ ಕಾರಣಕ್ಕೆ ಗಡಿಸೀಮೆಯಲ್ಲಿ ಕೆಲವರು ಜಾತ್ರೆಗೆ, ಹಬ್ಬಕ್ಕೆ ಎಂದು ಮಗುವನ್ನು ಕರೆದೊಯ್ದು ಆಚೆಯೇ ಇಟ್ಟುಕೊಂಡು ಶಾಲೆಗೆ ಸೇರಿಸಿಬಿಡುತ್ತಾರೆ. ತಾಯಿಯಾದವಳು ಅಂಗನವಾಡಿಯ ದಾಖಲೆ, ಲಸಿಕೆಯ ಕಾರ್ಡು, ಶಾಲೆಯ ಹಾಜರಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮಗು ಎಲ್ಲಿ ಬೆಳೆಯುತ್ತಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಮಗುವನ್ನು ಕಸಿದುಕೊಂಡು ಹೋಗಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೂ ಅವಕಾಶವಿದೆಯೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂದೆಗೂ ಒಂದು ಮಾತು: ಮಗು ತಾಯಿಯ ಹತ್ತಿರ ಉಳಿದರೂ ಅವನ ಭೇಟಿಯ ಹಕ್ಕು ಹೋಗುವುದಿಲ್ಲ. ವಾರದಲ್ಲೊಂದು ದಿನ, ರಜೆಯಲ್ಲಿ ಕೆಲ ದಿನ, ದೂರವಿದ್ದರೆ ವಿಡಿಯೊ ಕರೆ, ಹೀಗೆ ಕೋರ್ಟು ಗೊತ್ತು ಮಾಡಿಕೊಡುತ್ತದೆ. ಹಣ ಬರುತ್ತಿಲ್ಲವೆಂದು ಮಗುವನ್ನು ತೋರಿಸದಿರುವುದು, ತೋರಿಸುತ್ತಿಲ್ಲವೆಂದು ಹಣ ನಿಲ್ಲಿಸುವುದು ಎರಡೂ ತಪ್ಪು. ಎರಡರಲ್ಲೂ ನೋಯುವುದು ಮಗು. ತಾಯಿ ತನ್ನ ಪಾಲಿನ ಜೀವನಾಂಶ ಬಿಟ್ಟುಕೊಟ್ಟರೂ ಮಕ್ಕಳ ಪಾಲನ್ನು ಬಿಟ್ಟುಕೊಡಲು ಅವಳಿಗೆ ಅಧಿಕಾರವಿಲ್ಲ.

ಬಾಲ್ಯವಿವಾಹಗಳ ಮಾತನ್ನು ಇಲ್ಲಿ ಬಿಡುವಂತಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದು 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಅದರ ನಂತರದ ಬಾಲ್ಯವಿವಾಹಗಳು ಆರಂಭದಿಂದಲೇ ಅಸಿಂಧು. ಬೇರೆ ರಾಜ್ಯಗಳೂ ಈ ದಾರಿ ಹಿಡಿದರೆ ಒಳಿತು ಎಂದು ಅದೇ ವರ್ಷ ಸುಪ್ರೀಂ ಕೋರ್ಟ್ ಮೆಚ್ಚಿ ಬರೆಯಿತು. ಕೇಂದ್ರದ ಮೂಲ ಕಾಯ್ದೆಯಲ್ಲಿ ಹುಡುಗಿ ತಾನೇ ಅರ್ಜಿ ಹಾಕಿ ರದ್ದುಪಡಿಸಿಕೊಳ್ಳಬೇಕು, ಅದೂ 20 ವರ್ಷ ತುಂಬುವುದರೊಳಗೆ. ಮದುವೆ ರದ್ದಾದರೂ ಹುಟ್ಟಿದ ಮಗು ಕಾನೂನುಬದ್ಧ ಸಂತಾನವೇ, ಅದರ ಜೀವನಾಂಶವೂ ಉಳಿಯುತ್ತದೆ.

ವಿಚ್ಛೇದನವೇ ಬೇಡ, ಹೊಡೆತ ನಿಲ್ಲಲಿ, ತಲೆಯ ಮೇಲೆ ಸೂರು ಉಳಿಯಲಿ ಎನ್ನುವವರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಮನೆ ಮಾವನ ಹೆಸರಿನಲ್ಲಿದ್ದರೂ ಸಂಸಾರ ನಡೆಸಿದ ಮನೆಯಾಗಿದ್ದರೆ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು 2020ರ ಅಕ್ಟೋಬರ್ 15ರಂದು ತೀರ್ಪಾಗಿದೆ. ತವರಿನಿಂದ ಬಂದ ಬಂಗಾರ, ಪಾತ್ರೆ, ಉಡುಗೊರೆ ಸ್ತ್ರೀಧನ. ಅದು ಅವಳ ಸ್ವಂತ ಆಸ್ತಿ, ಹಿಂದಕ್ಕೆ ಕೊಡಿಸಲು ಇದೇ ಕಾಯ್ದೆಯಡಿ ಕೇಳಬಹುದು. ಈ ಕಾಯ್ದೆಯ ಸಂರಕ್ಷಣಾಧಿಕಾರಿ ಬೇರಾರೂ ಅಲ್ಲ, ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಊರಿನ ಅಂಗನವಾಡಿ ಕಾರ್ಯಕರ್ತೆಗೆ ಅವರ ಕಚೇರಿ ಗೊತ್ತಿರುತ್ತದೆ.

ಚಿಕ್ಕೋಡಿ, ಅಥಣಿ, ರಾಯಬಾಗ, ನಿಪ್ಪಾಣಿಗಳಲ್ಲಿ ಕೋರ್ಟುಗಳಿವೆ. ಬಹುಕಾಲ ಅಥಣಿ ತಾಲ್ಲೂಕಿನೊಳಗೇ ಇದ್ದ ಕಾಗವಾಡದವರು ಅಥಣಿಯಲ್ಲಿ ವಿಚಾರಿಸಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೋರ್ಟಿನ ಆವರಣದಲ್ಲೇ ವಿಚಾರಿಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಅದಕ್ಕೆ ಆದಾಯದ ಮಿತಿ ಇಲ್ಲ. ನೋಟಿಸು ಬಂದಿದ್ದರೆ ಅದನ್ನು ತೆಗೆದುಕೊಂಡು, ಮೇಲಿನ ತಾರೀಖು ನೋಡಿ, ಅದೇ ವಾರ ಅಲ್ಲಿಗೆ ಹೋಗಿ. ಮದುವೆಯ ಫೋಟೊ ಅಥವಾ ಲಗ್ನಪತ್ರಿಕೆ, ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಗಂಡನ ಜಮೀನಿನ ಸರ್ವೆ ನಂಬರ್ ಜೊತೆಗಿರಲಿ. ಹೊರಡಲು ಆಗದವರು ಕಾನೂನು ನೆರವಿಗೆ 15100ಕ್ಕೆ, ಮನೆಯಲ್ಲಿ ಹೊಡೆತವಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು.